ಗಂಟು ಬಿಚ್ಚುವ ಮುನ್ನ: ಹಳೆಯ ಕಾಗದದ ಕೆಲಸಕ್ಕೆ ಹೊರಟವರಿಗೆ ಕೆಲವು ಸೂತ್ರಗಳು

1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರಿಗೆ, ‘ಕರ್ಣಾಟಕ ಕವಿಚರಿತೆ’ ಬರೆದ ಅದೇ ನರಸಿಂಹಾಚಾರ್ಯರಿಗೆ, ಶೃಂಗೇರಿ ಮಠದ ಕಾಗದಪತ್ರಗಳ ನಡುವೆ ಟಿಪ್ಪು ಸುಲ್ತಾನ ಬರೆಸಿದ ಕನ್ನಡ ಪತ್ರಗಳು ಸಿಕ್ಕವು. ಈ ಸಂಗತಿ ಪರ-ವಿರೋಧದ ಭಾಷಣಗಳಲ್ಲಿ ಉರುಳಿ ಉರುಳಿ ಸವೆದುಹೋಗಿದೆ. ಆದರೆ ವೇದಿಕೆಯ ಮೇಲೆ ಯಾರೂ ಕೇಳದ ಪ್ರಶ್ನೆ ಒಂದಿದೆ. 1791ರ ಸುಮಾರಿನ ಕಾಗದ ಒಂದೇಕಾಲು ಶತಮಾನ ಈ ಮಳೆಯೂರಿನಲ್ಲಿ ಹೇಗೆ ಉಳಿಯಿತು? ಹುಡುಕಿದವರ ಹೆಸರು ಚರಿತ್ರೆಯಲ್ಲಿದೆ. ಅಷ್ಟು ಕಾಲ ಅದನ್ನು ಕಟ್ಟಿಟ್ಟವರ ಹೆಸರು ಎಲ್ಲೂ ಇಲ್ಲ.

ಈ ಬರಹ ಆ ಎರಡನೆಯ ಗುಂಪಿಗೆ ಸೇರಲು ಹೊರಟವರಿಗೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆಯಿಂದ ಇತಿಹಾಸವೋ ಕನ್ನಡವೋ ಸಂಸ್ಕೃತವೋ ಗ್ರಂಥಾಲಯ ವಿಜ್ಞಾನವೋ ಓದಿ ಮುಗಿಸಿದ್ದೀರಿ. ಯಾವುದೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ‘ವಿಶೇಷ ಸಂಗ್ರಹ’ ಎಂದು ಬೋರ್ಡು ಹಾಕಿದ ಕೋಣೆಯಲ್ಲಿ ಕೆಲಸ ಸಿಕ್ಕಿದೆ ಎಂದುಕೊಳ್ಳಿ. ಎದುರಿಗೆ ಯಾರದೋ ಮನೆಯಿಂದ ಬಂದ ಎರಡು ಟ್ರಂಕು, ಒಂದು ಪೆಟಾರಿ. ಮೇಲಿನವರು ‘ಇದನ್ನೆಲ್ಲ ಸರಿ ಮಾಡಿ’ ಎಂದಿದ್ದಾರೆ. ಸರಿ ಮಾಡುವ ಆತುರದಲ್ಲೇ ಈ ಕೆಲಸದಲ್ಲಿ ಹೆಚ್ಚಿನ ಹಾನಿ ಆಗುವುದು.

1. ಮೊದಲ ದಿನ ಕೈ ಕಟ್ಟಿ ಕೂರಿ

ಗಂಟು ಬಿಚ್ಚುವ ಮೊದಲು ಅದರ ಫೋಟೊ ತೆಗೆಯಿರಿ. ದಾರ ಎಲ್ಲಿ ಕಟ್ಟಿದೆ, ಬಟ್ಟೆಯ ಮೇಲೆ ಏನು ಬರೆದಿದೆ, ಯಾವ ಕಟ್ಟಿನ ಮೇಲೆ ಯಾವುದು ಕೂತಿದೆ, ಎಲ್ಲ ಗುರುತು ಹಾಕಿಕೊಳ್ಳಿ. ಕಾಗದ ಮೊದಲು ಯಾವ ಕ್ರಮದಲ್ಲಿತ್ತೋ ಆ ಕ್ರಮವೇ ಅರ್ಧ ಮಾಹಿತಿ. 1898ರಲ್ಲಿ ಮುಲ್ಲರ್, ಫೈತ್, ಫ್ರೌನ್ ಎಂಬ ಮೂವರು ಡಚ್ಚರು ದಾಖಲೆ ಜೋಡಣೆಗೆ ಒಂದು ಕೈಪಿಡಿ ಬರೆದರು. ಇವತ್ತಿಗೂ ಈ ವೃತ್ತಿಯ ಪಾಠ ಶುರುವಾಗುವುದು ಅದರ ತತ್ತ್ವದಿಂದಲೇ: ಬರೆದವರು, ಇಟ್ಟವರು ಮಾಡಿಕೊಂಡ ವ್ಯವಸ್ಥೆಯನ್ನು ಕೆಡಿಸಬೇಡಿ.

ಯಾಕೆ ಎನ್ನುವುದಕ್ಕೆ ಶೃಂಗೇರಿಯ ಪತ್ರಗಳೇ ಸಾಕು. 1791ರಲ್ಲಿ ಪಟವರ್ಧನರ ಕಡೆಯ ಮರಾಠಾ ಕುದುರೆ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದರು. ಅಂದಿನ ಜಗದ್ಗುರು ಸಚ್ಚಿದಾನಂದ ಭಾರತಿಗಳು ಕಾರ್ಕಳದಲ್ಲಿ ಇರಬೇಕಾಯಿತು. ಅವರ ಬಿನ್ನಹಕ್ಕೆ ಉತ್ತರವಾಗಿ ಟಿಪ್ಪು, ಶಾರದೆಯ ಪುನಃಪ್ರತಿಷ್ಠೆಗೆ 200 ರಾಹತಿ ನಗದು ಮತ್ತು ಬೇಕಾದ ಸಾಮಗ್ರಿ ಕೊಡುವಂತೆ ಬಿದನೂರಿನ ಆಸಫನಿಗೆ, ಅಂದರೆ ಅಲ್ಲಿನ ಪ್ರಾಂತ್ಯಾಧಿಕಾರಿಗೆ, ಆಜ್ಞೆ ಮಾಡಿದ. ಇಂಥ ಪತ್ರ ಕೈಗೆ ಬಂದ ಕೂಡಲೇ ಹೊರಗೆ ತೆಗೆದು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಲ್ಬು ಹಾಕಿ ತೋರಿಸಬೇಕೆನ್ನುವ ಆಸೆ ಸಹಜ. ಆದರೆ ಆಜ್ಞೆಯಾದ ಹಣ ನಿಜಕ್ಕೂ ಬಂತೇ, ಯಾವ ದಿನ ಜಮೆಯಾಯಿತು, ಯಾವ ಖರ್ಚಿಗೆ ಹೋಯಿತು ಎಂದು ನಾಳೆ ಒಬ್ಬ ಸಂಶೋಧಕಿ ಕೇಳಿದರೆ ಉತ್ತರ ಹುಡುಕಬೇಕಾದ್ದು ಪತ್ರದ ಪಕ್ಕದಲ್ಲಿದ್ದ ಲೆಕ್ಕದ ಕಟ್ಟುಗಳಲ್ಲಿ. ಪತ್ರ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಹೋದರೆ ಪತ್ರಕ್ಕೆ ಸಾಕ್ಷಿ ಹೇಳುವವರು ಯಾರೂ ಉಳಿಯುವುದಿಲ್ಲ.

2. ಇವರ ಮನೆಯದನ್ನು ಅವರ ಮನೆಯದರ ಜೊತೆ ಬೆರೆಸಬೇಡಿ

ಎರಡು ಮನೆಗಳಿಂದ ಬಂದ ಪಂಚಾಂಗಗಳನ್ನು ‘ಪಂಚಾಂಗ’ ಎಂದು ಒಂದೇ ಕಪಾಟಿಗೆ ಸೇರಿಸಿದರೆ ನೋಡಲು ಅಚ್ಚುಕಟ್ಟು. ಆದರೆ ಯಾರ ಪಂಚಾಂಗದ ಅಂಚಿನಲ್ಲಿ ಯಾರು ಮಗು ಹುಟ್ಟಿದ ಗಳಿಗೆ ಬರೆದಿಟ್ಟಿದ್ದರು ಎನ್ನುವುದು ಅಂದಿಗೆ ಮುಗಿಯಿತು. ಪುಸ್ತಕವನ್ನು ವಿಷಯದ ಪ್ರಕಾರ ಜೋಡಿಸಿ; ಕಾಗದವನ್ನು ಎಲ್ಲಿಂದ ಬಂತೋ ಅದರ ಪ್ರಕಾರ. ಗ್ರಂಥಾಲಯ ಓದಿ ಬಂದವರಿಗೆ ಈ ಅಭ್ಯಾಸ ಬಿಡಿಸಲು ಒಂದು ವರ್ಷವಾದರೂ ಬೇಕು.

3. ಮಳೆಯನ್ನು ಓದಲು ಕಲಿಯಿರಿ

ದಿಲ್ಲಿಯ ಕೈಪಿಡಿಯಲ್ಲಿ ಧೂಳಿನ ಬಗ್ಗೆ ಹತ್ತು ಪುಟ ಇರಬಹುದು. ನಮ್ಮ ಶತ್ರು ಧೂಳಲ್ಲ, ತೇವ. ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗ ಒಣಗಲು ಹಾಕಿದ ಪಂಚೆ ಮೂರನೆಯ ದಿನಕ್ಕೂ ವಾಸನೆ ಹೊಡೆಯುವ ಊರಿದು. ಗಾಳಿಯ ತೇವಾಂಶ ನೂರಕ್ಕೆ 65 ದಾಟಿ ನಿಂತಿತೆಂದರೆ ಬೂಷ್ಟು ಹಿಡಿಯಲು ಅನುಕೂಲ. ಆದ್ದರಿಂದ ಕೋಣೆಗೆ ಮೊದಲು ತರಬೇಕಾದ ಸಾಮಾನು ಕಂಪ್ಯೂಟರ್ ಅಲ್ಲ, ತೇವಾಂಶ ತೋರಿಸುವ ಒಂದು ಸಣ್ಣ ಮೀಟರು. ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯಿರಿ. ಒಂದು ಮಳೆಗಾಲದ ಅಂಕಿ ಕೈಯಲ್ಲಿದ್ದರೆ ತೇವ ಹೀರುವ ಯಂತ್ರಕ್ಕೆ ಕುಲಸಚಿವರ ಎದುರು ಕೂತು ಹಣ ಕೇಳಬಹುದು. ಅಂಕಿ ಇಲ್ಲದಿದ್ದರೆ ‘ಮಲೆನಾಡಲ್ಲಿ ಮಳೆ ಇರೋದೇ ಅಲ್ವಾ’ ಎಂಬ ಉತ್ತರ ಸಿಗುತ್ತದೆ.

ಬೆಳಿಗ್ಗೆ ಹತ್ತಕ್ಕೆ ಏ.ಸಿ. ಹಾಕಿ ಸಂಜೆ ಐದಕ್ಕೆ ಆರಿಸಿ ಹೋಗುವ ಕೋಣೆ, ಏ.ಸಿ.ಯೇ ಇಲ್ಲದ ಕೋಣೆಗಿಂತ ಕೆಟ್ಟದ್ದು. ತಂಪು-ಸೆಕೆ, ಒಣ-ತೇವ ದಿನಾ ಹಿಂದೆ ಮುಂದೆ ಆದರೆ ಕಾಗದವೂ ಓಲೆಯೂ ಹಿಗ್ಗಿ ಕುಗ್ಗಿ ಸೋಲುತ್ತವೆ. ಇದ್ದ ಹವೆ ಒಂದೇ ಸಮ ಇರುವುದು ಮುಖ್ಯ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ಕೆಳಗಿನ ತಟ್ಟೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಒರಲೆ ಹತ್ತುವುದು ಅಲ್ಲಿಂದಲೇ.

ನಮ್ಮ ಹಿರಿಯರು ಓಲೆಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಹೊಗೆ ಮತ್ತು ಬಿಸಿ ಹುಳುವನ್ನೂ ತೇವವನ್ನೂ ದೂರ ಇಡುತ್ತಿದ್ದವು. ಮನೆಗೆ ಗ್ಯಾಸ್ ಬಂತು, ಹೊಗೆ ನಿಂತಿತು, ಅಟ್ಟದ ಗಂಟು ಅಲ್ಲೇ ಉಳಿಯಿತು. ಅಡುಗೆಮನೆ ಬದಲಾದ ಮೇಲೆ ಹಾಳಾದ ಓಲೆಗಳು ಕಡಮೆಯಿರಲಾರವು ಎಂಬುದು ನನ್ನ ಗುಮಾನಿ. ದಾನ ಕೇಳಲು ಹೋಗುವವರು ಹಳೆ ಅಡುಗೆಮನೆ ಇರುವ ಮನೆಯಿಂದ ಶುರು ಮಾಡುವುದು ಒಳ್ಳೆಯದು.

4. ಕೈಯಲ್ಲಿರುವುದು ಏನೆಂದು ತಿಳಿಯದೆ ಒರೆಸಬೇಡಿ

ಓಲೆಗರಿಯ ಅಕ್ಷರ ಕೊರೆದದ್ದು. ಕಬ್ಬಿಣದ ಕಂಟದಿಂದ ಗೀರಿ, ಮೇಲೆ ಮಸಿ ಉಜ್ಜಿ, ಹೆಚ್ಚಾದದ್ದನ್ನು ಒರೆಸಿ ತೆಗೆದದ್ದು. ಹಾಗಾಗಿ ಒಣಗಿದ ಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ ಮೆದು ಮಾಡಬಹುದು, ಮಸುಕಾದ ಅಕ್ಷರಕ್ಕೆ ಮತ್ತೆ ಮಸಿ ತುಂಬಬಹುದು. ಬಲ್ಲವರ ಕೈಕೆಳಗೆ ಎರಡೂ ನಡೆಯುತ್ತವೆ.

ಕಡತದ ಜಾತಿಯೇ ಬೇರೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯಂತೆ ಗಟ್ಟಿ ಮಾಡಿ, ಹಿಂದೆ ಮುಂದೆ ಮಡಚಿ, ಬಳಪದಿಂದ ಬಿಳಿ ಅಕ್ಷರ ಬರೆದದ್ದು. ಬೇಡವಾದಾಗ ಅಳಿಸಿ ಮತ್ತೆ ಬರೆಯಲೆಂದೇ ಮಾಡಿಕೊಂಡ ವಸ್ತು. ‘ಕೊಳೆಯಾಗಿದೆ’ ಎಂದು ಒದ್ದೆ ಬಟ್ಟೆ ಮುಟ್ಟಿಸಿದರೆ ಒಂದು ವರ್ಷದ ಜಮಾ-ಖರ್ಚು ಬಟ್ಟೆಗೆ ಬಂದು ಬಿಡುತ್ತದೆ. ಎಣ್ಣೆಯ ಮಾತೇ ಬೇಡ. ಮಡಿಕೆಯ ಗೆರೆಯಲ್ಲಿ ಕಪ್ಪು ಪದರ ಸಿಪ್ಪೆಯಾಗಿ ಏಳುತ್ತಿರುತ್ತದೆ. ಪೂರ್ತಿ ಬಿಡಿಸಿ ಮೇಜಿನ ಮೇಲೆ ಉದ್ದಕ್ಕೆ ಚಾಚದೆ, ಎರಡು ಮಡಿಕೆ ತೆರೆದು ಓದಿ, ಮುಚ್ಚಿ, ಮುಂದಿನ ಎರಡಕ್ಕೆ ಹೋಗಿ. ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟರೆ ಅಳಿದಂತೆ ಕಾಣುವ ಬಳಪದ ಗೆರೆಯೂ ಎದ್ದು ಬರುತ್ತದೆ.

ಕಾಗದಕ್ಕೆ ಬಂದರೆ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು, ರಬ್ಬರ್‌ಬ್ಯಾಂಡು ತೆಗೆಯಿರಿ. ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ, ಹಿಂದಿನಿಂದ ಬಿಡಿಸಿ. ಸೆಲೋಟೇಪು ಅಂಟಿಸಬೇಡಿ, ಲ್ಯಾಮಿನೇಶನ್ನಿಗಂತೂ ಯಾವ ಕಾರಣಕ್ಕೂ ಕೊಡಬೇಡಿ.

5. ಪೆನ್ನು ಮನೆಯಲ್ಲಿಡಿ

ಪೆನ್ಸಿಲ್ ಒಂದೇ. ಬಿಳಿ ಗ್ಲೌಸು ಟೀವಿಯವರಿಗೆ ಚೆಂದ. ಓಲೆಗೂ ಕಾಗದಕ್ಕೂ ತೊಳೆದು ಒರೆಸಿದ ಬರಿಗೈಯೇ ಸುರಕ್ಷಿತ. ಫೋಟೊ ಮತ್ತು ನೆಗೆಟಿವ್ ಮುಟ್ಟುವಾಗ ಮಾತ್ರ ಗ್ಲೌಸು ಹಾಕಿ. ಕಾಫಿ ಲೋಟ ಬಾಗಿಲ ಹೊರಗೆ. ಎಲೆಯಡಿಕೆಯೂ.

6. ಒಂದು ಲಿಪಿ ನಿಮ್ಮದಾಗಲಿ

ಈ ವೃತ್ತಿಯಲ್ಲಿ ನಿಮ್ಮನ್ನು ಬದಲಿ ಮಾಡಲಾಗದವರನ್ನಾಗಿ ಮಾಡುವುದು ಇದೊಂದೇ. ಎಕ್ಸೆಲ್ ಎಲ್ಲರಿಗೂ ಬರುತ್ತದೆ. ತಿಗಳಾರಿ ಓದುವವರು ಊರಿಗೆಷ್ಟು?

ಮಲೆನಾಡು, ಕರಾವಳಿಯ ವೈದಿಕ ಮನೆಗಳ ಸಂಸ್ಕೃತದ ಓಲೆಗಳಲ್ಲಿ ದೊಡ್ಡ ಪಾಲು ತಿಗಳಾರಿಯಲ್ಲಿದೆ. ವಿಜಯನಗರ ಕಾಲದ ತಾಮ್ರಶಾಸನ ಮುಟ್ಟಬೇಕೆಂದರೆ ನಂದಿನಾಗರಿ. ಪುಣೆಯ ಪೇಶ್ವೆಗಳೊಡನೆ ನಡೆದ ವ್ಯವಹಾರ ಓದಲು ಮರಾಠಿಯ ಮೋಡಿ. ತಮಿಳು ಸೀಮೆಯಿಂದ ಬಂದ ಓಲೆಗೆ ಗ್ರಂಥ ಲಿಪಿ. ಕನ್ನಡವೇ ಆದರೂ ಕಡತದ ಕನ್ನಡ ಅಚ್ಚಿನ ಕನ್ನಡವಲ್ಲ. ಕೈ ಎತ್ತದೆ ಓಡಿಸಿ ಬರೆದದ್ದು, ಒತ್ತಿನ ಬಾಲ ಮುಂದಿನ ಅಕ್ಷರದ ತಲೆಗೆ ತಗಲಿಕೊಂಡಿರುತ್ತದೆ, ಪದದ ನಡುವೆ ಜಾಗವಿರುವುದಿಲ್ಲ. ಎಲ್ಲವನ್ನೂ ಕಲಿಯಲು ಹೊರಟರೆ ಯಾವುದೂ ಬರುವುದಿಲ್ಲ. ಒಂದನ್ನು ಹಿಡಿಯಿರಿ. ದಿನಕ್ಕೆ ಒಂದು ಗರಿ, ಎರಡು ಸಾಲು, ತಪ್ಪೋ ಸರಿಯೋ ಬರೆದಿಟ್ಟು ಮಾರನೆಯ ದಿನ ತಿದ್ದಿ.

ಓದುವವರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಕಥೆ ಇದೆ. ಅಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥ ಲಿಪಿಯ ಒಂದು ಓಲೆಕಟ್ಟು ಕೊಟ್ಟುಹೋದರು. ಅಲ್ಲಿ ಕೆಲಸಕ್ಕಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು 1905ರ ಹೊತ್ತಿಗೆ ಅದನ್ನು ಓದಿದರು, ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಕೊಟ್ಟವರ ಹೆಸರು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಅಲ್ಲಿ ಯಾರಿಗಾದರೂ ತೋಚಿದ್ದರೆ ನಾವಿವತ್ತು ‘ಪಂಡಿತರೊಬ್ಬರು’ ಎನ್ನಬೇಕಾಗಿರಲಿಲ್ಲ. ಈ ಮಾತು ಎಂಟನೆಯ ಸೂತ್ರಕ್ಕೆ ನೆನಪಿರಲಿ.

ಹೊಸಬರಿಗೆ ಒಂದು ಅನುಕೂಲವೂ ಒದಗಿದೆ. ಮೋಡಿ 2014ರಲ್ಲಿ, ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡಿಗೆ ಸೇರಿದವು. ಅಂದರೆ ಓದಿದ್ದನ್ನು ಮೂಲ ಲಿಪಿಯಲ್ಲೇ ಟೈಪು ಮಾಡಿ ಹುಡುಕುವಂತೆ ಇಡುವ ದಾರಿ ಈಗ ತೆರೆದಿದೆ. ಅಕ್ಷರ ಗೊತ್ತಿರುವವರು ಬೇಕು, ಅಷ್ಟೇ.

7. ಸಂವತ್ಸರ ನಂಬಿ ಕೆಡಬೇಡಿ

ಹಳೆಯ ಕಾಗದದಲ್ಲಿ ಇಸವಿ ಇರುವುದಿಲ್ಲ. ‘ವಿರೋಧಿಕೃತ್ ಸಂವತ್ಸರದ ಮಾಘ ಬಹುಳ’ ಎಂದಷ್ಟೇ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ: 1731, 1791, 1851, 1911, 1971. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ; ಶಕ 1713 ಅಂದರೆ 1791. ಆದರೆ ಸಂವತ್ಸರ ಹುಟ್ಟುವುದು ಯುಗಾದಿಗೆ. ಮಾಘ, ಫಾಲ್ಗುಣ ಬಂದರೆ ಇಂಗ್ಲಿಷ್ ಇಸವಿ ಒಂದು ಮುಂದಕ್ಕೆ ಹೋಗಿರುತ್ತದೆ; ಮೇಲಿನ ಕಾಗದ ಶಕ 1713ರದ್ದಾದರೆ ನಿಮ್ಮ ಪಟ್ಟಿಯಲ್ಲಿ 1792 ಎಂದಿರಬೇಕು. ಟಿಪ್ಪುವಿನ ಆಡಳಿತದ ಕಾಗದದಲ್ಲಿ ತಿಂಗಳಿಗೂ ವರ್ಷಕ್ಕೂ ಅವನೇ ಇಟ್ಟ ಬೇರೆ ಹೆಸರುಗಳು ಬರುತ್ತವೆ. ಘಟ್ಟದ ಕೆಳಗಿನ ಕಂದಾಯ ಕಾಗದದಲ್ಲಿ ಫಸಲಿ ವರ್ಷ ಕಂಡರೆ 590 ಕೂಡಿಸಿ. ವಾರ, ತಿಥಿ, ನಕ್ಷತ್ರ ಮೂರೂ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ದಿನವನ್ನೇ ಹಿಡಿಯಬಹುದು.

ಶಕವೂ ಇಲ್ಲ, ವಾರವೂ ಇಲ್ಲ ಎಂದರೆ ಕಾಗದ ನೋಡಿ. ನೀರುಗುರುತು ಇದೆಯೇ? ನಾಣ್ಯ ವರಹವೋ ಹಣವೋ ರೂಪಾಯಿಯೋ? ಅಮಲ್ದಾರರ ಹೆಸರಿದೆಯೇ? ತಿಳಿಯದಿದ್ದರೆ ‘1791 ಅಥವಾ 1851’ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಒಂದನ್ನೇ ಊಹಿಸಿ ಗಟ್ಟಿಯಾಗಿ ಬರೆದರೆ ಮುಂದಿನ ಮೂವತ್ತು ಪ್ರಬಂಧಗಳಲ್ಲಿ ಆ ತಪ್ಪು ಅಡಿಟಿಪ್ಪಣಿಯಾಗಿ ನಡೆದಾಡುತ್ತದೆ.

ಕಾಗದದ ಬಗೆಯನ್ನೂ ಅದರದೇ ಹೆಸರಿನಿಂದ ಕರೆಯಿರಿ. ದೊರೆಯೋ ಅಧಿಕಾರಿಯೋ ಗುರುಗಳಿಗೆ ಬರೆದದ್ದು ಬಿನ್ನವತ್ತಳೆ, ಗುರುಗಳು ಬರೆದದ್ದು ಶ್ರೀಮುಖ, ಮೇಲಿನಿಂದ ಇಳಿದ ಅಪ್ಪಣೆ ನಿರೂಪ, ಹಕ್ಕು ಕೊಟ್ಟದ್ದು ಸನ್ನದು. ಎಲ್ಲಕ್ಕೂ ‘ಪತ್ರ’ ಎಂದು ಬರೆದು ಮುಗಿಸಿದರೆ ಯಾರು ಯಾರಿಗೆ ತಲೆಬಾಗಿ ಮಾತಾಡಿದರು ಎಂಬುದೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

8. ಮನೆಯವರ ಹತ್ತಿರ ಕೂತು ಮಾತಾಡಿ, ಬರೆದೇ ಒಪ್ಪಿಸಿಕೊಳ್ಳಿ

ಸಂಗ್ರಹ ಬರುವುದು ಮನೆಗಳಿಂದ. ಬೆಲ್ಲ-ನೀರು ಕುಡಿದು, ಕಾಫಿ ಮುಗಿಸಿ, ಅಡಿಕೆ ಧಾರಣೆ ವಿಚಾರಿಸಿದ ಮೇಲೆಯೇ ಪೆಟಾರಿಯ ಮಾತು. ಆತುರ ಮಾಡಿದವರಿಗೆ ಪೆಟಾರಿಯ ಬೀಗದ ಕೈ ಸಿಗುವುದಿಲ್ಲ.

‘ಅದೆಲ್ಲ ಹಳೇ ರದ್ದಿ ಮಾರಾಯ್ರೇ, ನಿಮಗೆ ಬೇಕಾದ್ದು ಆ ಕೆಂಪು ಬಟ್ಟೆಯಲ್ಲಿದೆ’ ಎಂದು ಮನೆಯ ಹಿರಿಯಮ್ಮ ಹೇಳುತ್ತಾರೆ.

‘ಅಮ್ಮಾ, ಆ ರದ್ದಿಯನ್ನೂ ಒಮ್ಮೆ ನೋಡ್ಲಾ?’ ಎಂದು ಕೇಳಿ.

ಕೆಂಪು ಬಟ್ಟೆಯಲ್ಲಿ ಭಾಗವತವೋ ಅಮರಕೋಶವೋ ಇರುತ್ತದೆ. ಬೇರೆ ಕಡೆಯೂ ಅದರ ಹತ್ತು ಪ್ರತಿ ಉಂಟು. ರದ್ದಿಯಲ್ಲಿ ಕಿರ್ದಿ-ಖಾತೆ, ಮಂಡಿಯ ಚೀಟಿ, ಗೇಣಿಯ ಲೆಕ್ಕ, ಬಾಣಂತಿಗೆ ತಂದ ಸಾಮಾನಿನ ಪಟ್ಟಿ, ತೌರಿಗೆ ಬರೆದು ಕಳಿಸದೆ ಉಳಿದ ಕಾಗದ ಇರುತ್ತದೆ. ಅದಕ್ಕೆ ಇನ್ನೊಂದು ಪ್ರತಿ ಜಗತ್ತಿನಲ್ಲಿ ಇಲ್ಲ.

ಕೊಟ್ಟವರ ಹೆಸರು, ಊರು, ಮನೆಹೆಸರು, ಆ ಕಾಗದ ಅವರಿಗೆ ಬಂದ ಬಗೆ, ಎಲ್ಲವನ್ನೂ ಅಂದೇ ಬರೆಯಿರಿ. ಒಂದು ದಾನಪತ್ರಕ್ಕೆ ಸಹಿ ಹಾಕಿಸಿ. ಅಣ್ಣತಮ್ಮಂದಿರ ಪಾಲಿನ ಮನೆಯಾದರೆ ಎಲ್ಲರದ್ದೂ ಸಹಿ ಬೇಕು. ಒಬ್ಬರು ಕೊಟ್ಟು ಇನ್ನೊಬ್ಬರು ಲಾಯರ್ ನೋಟಿಸು ಕಳಿಸಿದರೆ ಸಿಕ್ಕಿಬೀಳುವುದು ನೀವು. ಕೊಡಲು ಮನಸ್ಸಿಲ್ಲದವರಿಗೆ ಒತ್ತಾಯ ಮಾಡಬೇಡಿ. ಅವರ ಮನೆಯಲ್ಲೇ ಫೋಟೊ ತೆಗೆದು, ಒಂದು ಪ್ರತಿ ಅವರಿಗೂ ಕೊಟ್ಟು ಬನ್ನಿ.

ಕಾನೂನಿನ ಬಗ್ಗೆ ಎರಡು ಮಾತು. ಚಾರಿತ್ರಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ, 75 ವರ್ಷ ದಾಟಿದ ಹಸ್ತಪ್ರತಿ 1972ರ ಪುರಾವಸ್ತು ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ. ಅಜ್ಜನ ಓಲೆಯನ್ನು ಸೂಟ್‌ಕೇಸಿನಲ್ಲಿಟ್ಟು ಅಮೆರಿಕಕ್ಕೆ ಒಯ್ಯುತ್ತೇನೆನ್ನುವ ಮೊಮ್ಮಗನಿಗೆ ಇದನ್ನು ಮೆತ್ತಗೆ ಹೇಳಿ. ಎರಡನೆಯದು, ಕಾಗದ ನಿಮ್ಮದಾದ ಮಾತ್ರಕ್ಕೆ ಬರಹದ ಹಕ್ಕು ನಿಮ್ಮದಾಗುವುದಿಲ್ಲ. ಪತ್ರದ ಹಕ್ಕು ಬರೆದವರದ್ದು, ಪಡೆದವರದ್ದಲ್ಲ. ಲೇಖಕರು ಬದುಕಿದ್ದಾಗ ಅಚ್ಚಾದ ಬರಹದ ಹಕ್ಕು ಅವರು ಹೋದ ಮೇಲೂ 60 ವರ್ಷ ಇರುತ್ತದೆ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ತೀರಿಕೊಂಡದ್ದು 1994ರಲ್ಲಿ. ಆ ಲೆಕ್ಕ 2054ರ ಕೊನೆಗೆ ಹೋಗುತ್ತದೆ. ಅಚ್ಚಾಗದ ಕಾಗದದ ವಿಷಯ ಇನ್ನೂ ತೊಡಕಿನದು. ವಾಟ್ಸ್ಆ್ಯಪ್ಪಿಗೆ ಹಾಕುವ ಮೊದಲು ಕೇಳಿ.

9. ಪೂರ್ತಿ ಮಾಡುತ್ತೇನೆಂಬ ಹಟ ಬಿಡಿ

ಹೊಸಬರ ದೊಡ್ಡ ರೋಗ ಇದು. ಮೊದಲ ಟ್ರಂಕಿನ ಮೊದಲ ಕಟ್ಟಿನ ಪ್ರತಿ ಹಾಳೆಗೂ ಸಾರಾಂಶ ಬರೆಯುತ್ತಾ ಕೂರುತ್ತಾರೆ. ವರ್ಷ ಕಳೆಯುತ್ತದೆ, ಎರಡನೆಯ ಟ್ರಂಕಿನಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಗುತ್ತಿಗೆ ಮುಗಿಯುತ್ತದೆ. 2005ರಲ್ಲಿ ಮಾರ್ಕ್ ಗ್ರೀನ್, ಡೆನಿಸ್ ಮೈಸ್ನರ್ ಎಂಬ ಇಬ್ಬರು ಅಮೆರಿಕದ ದಾಖಲೆಗಾರರು ತಮ್ಮ ವೃತ್ತಿಯವರನ್ನೇ ಬೈದು ಒಂದು ಪ್ರಬಂಧ ಬರೆದರು: ಪಿನ್ನು ಕೀಳುತ್ತಾ ಕೂರುವುದನ್ನು ಕಡಮೆ ಮಾಡಿ, ಬಾಕಿ ಬಿದ್ದ ಸಂಗ್ರಹಗಳನ್ನು ಬೇಗ ಓದುಗರಿಗೆ ಬಿಡಿ ಎಂದು. ಅವರ ಮಾತು ಒಣ ಹವೆಯ ಊರಿನದು. ನಾವು ತುಕ್ಕು ಪಿನ್ನನ್ನು ಬಿಡಲಾಗದು. ಉಳಿದದ್ದು ಒಪ್ಪತಕ್ಕದ್ದೇ.

ಮೊದಲು ಇಡೀ ಸಂಗ್ರಹಕ್ಕೆ ಒಂದು ಪುಟ: ಯಾರದು, ಎಷ್ಟು ಪೆಟ್ಟಿಗೆ, ಯಾವ ಕಾಲ, ಯಾವ ಭಾಷೆ-ಲಿಪಿ, ಸ್ಥಿತಿ ಹೇಗಿದೆ. ಆಮೇಲೆ ಪೆಟ್ಟಿಗೆಗೊಂದು ಸಾಲು. ಆಮೇಲೆ ಕಟ್ಟಿಗೊಂದು ಸಾಲು. ಹಾಳೆಯ ಮಟ್ಟಕ್ಕೆ ಇಳಿಯುವುದು ಅದಕ್ಕೆ ಅರ್ಹವಾದ ಕಟ್ಟಿಗೆ ಮಾತ್ರ.

10. ಪಟ್ಟಿಯಲ್ಲಿ ಹೊಗಳಿಕೆ ಬೇಡ

‘ಅಮೂಲ್ಯ’, ‘ಅಪರೂಪದ’, ‘ಮಹಾನ್’ ಎಂಬ ಪದಗಳನ್ನು ಅಳಿಸಿ. ಬರೆದವರ ಹೆಸರು, ಸ್ಥಳ, ಗರಿಗಳ ಸಂಖ್ಯೆ, ಉದ್ದಗಲ, ಮೊದಲ ಮತ್ತು ಕೊನೆಯ ಸಾಲು ಸಾಕು. ಹೆಂಗಸರನ್ನು ‘ಇಂಥವರ ಪತ್ನಿ’ ಎಂದು ಮುಗಿಸಬೇಡಿ; ಕಾಗದದಲ್ಲೇ ಹೆಸರಿರುತ್ತದೆ, ಹುಡುಕಿದರೆ ಸಿಗುತ್ತದೆ. ಲೆಕ್ಕದಲ್ಲಿ ಬರುವ ಆಳುಗಳ ಹೆಸರನ್ನೂ ಸೂಚಿಗೆ ಸೇರಿಸಿ. ಮೂಲದಲ್ಲಿ ಇಂದು ಸಲ್ಲದ ಜಾತಿಸೂಚಕ ಮಾತಿದ್ದರೆ ಮೂಲದ ನಕಲಿನಲ್ಲಿ ತಿದ್ದಬೇಡಿ, ನಿಮ್ಮ ವಿವರಣೆಯಲ್ಲಿ ಬಳಸಬೇಡಿ.

11. ಸ್ಕ್ಯಾನು ಮಾಡಿದ ಕೂಡಲೇ ಉಳಿಯಿತು ಎಂದುಕೊಳ್ಳಬೇಡಿ

ಫೋಟೊ ತೆಗೆದು, ಉದ್ಘಾಟನೆ ಮಾಡಿಸಿ, ಹಾರ್ಡ್‌ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಯೋಜನೆಗಳು ಬೇಕಾದಷ್ಟಿವೆ. ಬೀಗ ತೆಗೆಯುವ ಹೊತ್ತಿಗೆ ಡಿಸ್ಕ್ ತಿರುಗುವುದಿಲ್ಲ. ಮೂರು ಪ್ರತಿ ಇರಲಿ, ಒಂದು ಘಟ್ಟದಾಚೆ ಬೇರೆ ಊರಿನಲ್ಲಿರಲಿ. ಕಡತಕ್ಕೆ ಹಾಕಿದ ನಂಬರೇ ಫೈಲಿಗೂ ಇರಲಿ. ಕ್ಯಾಮೆರಾ ಕೊಟ್ಟ ಹೆಸರು ಬೇಡ. ಮಾಸ್ಟರ್ ಪ್ರತಿ ಟಿಫ್, ಓದುಗರಿಗೆ ಜೆಪೆಗ್. ಸ್ಕ್ಯಾನಾಯಿತೆಂದು ಮೂಲವನ್ನು ಗೋದಾಮಿಗೆ ತಳ್ಳುವ ಪ್ರಸ್ತಾವ ಬಂದೇ ಬರುತ್ತದೆ. ಬರವಣಿಗೆಯಲ್ಲಿ ವಿರೋಧಿಸಿ.

12. ನಿನ್ನೆಯ ಕಾಗದವೂ ನಿಮ್ಮ ಕೆಲಸವೇ

ಓಲೆ, ತಾಮ್ರಪಟ ಎಂದರೆ ಎಲ್ಲರೂ ಕೈ ಮುಗಿಯುತ್ತಾರೆ. ಕೊಪ್ಪದ ಸಹಕಾರ ಸಾರಿಗೆಯ ಟ್ರಿಪ್‌ಶೀಟು ಎಂದರೆ? ಮಾಲೀಕರ ಕಂಪನಿ ನಿಂತಾಗ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡು, ಈ ಘಟ್ಟದ ತಿರುವುಗಳಲ್ಲಿ ಸುಮಾರು ಮೂರು ದಶಕ ಬಸ್ಸು ಓಡಿಸಿ, 2020ರಲ್ಲಿ ನಿಲ್ಲಿಸಿದ ಸಂಸ್ಥೆ ಅದು. ಯಾವ ಊರಿಗೆ ಮೊದಲ ಬಸ್ಸು ಎಂದು ಹೋಯಿತು, ಶಾಲೆ ಮಕ್ಕಳ ಪಾಸು ಎಷ್ಟು, ಮಳೆಗಾಲದಲ್ಲಿ ಯಾವ ದಾರಿ ಬಂದಾಗುತ್ತಿತ್ತು, ಇದು ಬೇರೆ ಯಾವ ಗ್ರಂಥದಲ್ಲಿ ಸಿಗುತ್ತದೆ? ಅಡಿಕೆ ಮಾರಾಟ ಸಹಕಾರ ಸಂಘಗಳ ನಡಾವಳಿ, ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ನೆಲೆಸಿದವರ ಮಲಯಾಳದ ಕಾಗದ, ಯಕ್ಷಗಾನ ಮೇಳಗಳ ಕರಪತ್ರ, ಭೂಸುಧಾರಣೆಯ ಕಾಲದ ಡಿಕ್ಲರೇಶನ್ ಅರ್ಜಿಯ ನಕಲು, ಎಲ್ಲವೂ ವಿಶೇಷ ಸಂಗ್ರಹವೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್.ಸಿ.ಬಿ.ಎಸ್.) 2019ರಲ್ಲಿ ವಿಜ್ಞಾನಿಗಳ ಟಿಪ್ಪಣಿ ಪುಸ್ತಕ, ಪತ್ರಗಳಿಗೆಂದೇ ಒಂದು ಆರ್ಕೈವ್ಸ್ ತೆರೆಯಿತು. ಮಲೆನಾಡಿನ ದುಡಿಮೆಯ ಕಾಗದಕ್ಕೆ ಅಂಥದ್ದೊಂದು ಇನ್ನೂ ಆಗಬೇಕು. ಹಳಬರು ಸಂಸ್ಥೆಯ ಕೊಠಡಿ ಖಾಲಿ ಮಾಡುವ ವಾರ ನೀವು ಅಲ್ಲಿರಬೇಕು. ಮರುವಾರ ಗುಜರಿಯವರು ಇರುತ್ತಾರೆ.

13. ಪದವಿ, ಪಗಾರ

ಗ್ರಂಥಾಲಯ ವಿಜ್ಞಾನದ ಎಂ.ಲಿಬ್. ಮತ್ತು ನೆಟ್ ಇದ್ದರೆ ಕಾಯಂ ಹುದ್ದೆಗೆ ಬಾಗಿಲು; ಆದರೆ ಅದರಲ್ಲಿ ಕಡತ ಮುಟ್ಟುವುದನ್ನು ಕಲಿಸುವುದಿಲ್ಲ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರ ದಾಖಲೆ ನಿರ್ವಹಣೆಯ ಡಿಪ್ಲೊಮಾ ನಡೆಸುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೇ ಒಂದು ವಿಭಾಗವಿದೆ. ಶೃಂಗೇರಿಯ ಮೆಣಸೆಯಲ್ಲಿರುವ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಮನೆಬಾಗಿಲಲ್ಲೇ ಇದೆ. ಸಂಸ್ಕೃತ ಬಾರದಿದ್ದರೆ ಅಲ್ಲಿ ಯಾರನ್ನು ಕೇಳಬೇಕೆಂದಾದರೂ ತಿಳಿದಿರಲಿ. ಕೈ ಪಳಗಲು ಸಾಗರದ ಹತ್ತಿರದ ಕೆಳದಿಗೆ ಹೋಗಿ. ಕೆಳದಿ ಗುಂಡಾಜೋಯಿಸರು ಮನೆ ಮನೆ ತಿರುಗಿ ಕೂಡಿಸಿದ ಓಲೆ, ಕಡತ, ಕಾಗದ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ, ಅದೀಗ ಕುವೆಂಪು ವಿಶ್ವವಿದ್ಯಾಲಯದ ಜೊತೆಗಿದೆ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಲಿಪಿ ಶಿಬಿರಗಳನ್ನು ನಡೆಸುತ್ತಿತ್ತು. 2025ರ ಕೇಂದ್ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿಯಿಟ್ಟು ‘ಜ್ಞಾನ ಭಾರತಂ’ ಘೋಷಣೆಯಾಗಿದೆ. ಗುರಿ ದೊಡ್ಡದಾದಾಗಲೆಲ್ಲ ಗುತ್ತಿಗೆ ಕೆಲಸ ಹುಟ್ಟುತ್ತದೆ, ಗುತ್ತಿಗೆಯಲ್ಲಿ ಸೇರುವಾಗ ಮೂರು ವಿಷಯ ಬರೆದು ಕೇಳಿ: ತಿಂಗಳಿಗೆ ಇಷ್ಟು ಗರಿ ಎಂಬ ಕೋಟಾ ಇದೆಯೇ, ಪಟ್ಟಿಯ ಮೇಲೆ ಮಾಡಿದವರ ಹೆಸರು ಬರುತ್ತದೆಯೇ, ಯೋಜನೆ ಮುಗಿದ ಮೇಲೆ ಮೂಲ ಪ್ರತಿಗಳು ಯಾರ ಸುಪರ್ದಿಗೆ ಹೋಗುತ್ತವೆ. ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಬೇರೆ ಕಡೆ ಅರ್ಜಿ ಹಾಕಿ.